ಅರ್ಧ ಲೋಟ ಚಹಾ

ನಮ್ಮ ಮನೆಯಲ್ಲಿ ಚಹಾ ಯಾವಾಗಲೂ ಅರ್ಧ ಲೋಟ. ಬಂದವರಿಗೆ ತುಂಬಿಸಿಯೇ ಕೊಡುತ್ತೇವೆ, ಮನೆಯವರಿಗೆ ಮಾತ್ರ ಅರ್ಧ. ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದು ಹೋದ ಊರಿನವರೆಲ್ಲ ಇದನ್ನು ನೋಡಿ ನಕ್ಕಿದ್ದಾರೆ. ಘಟ್ಟದ ಮೇಲಿನವರು ಹಾಲಿನಲ್ಲೂ ಉಳಿತಾಯ ಮಾಡುತ್ತಾರೆ ಎಂದು ನನ್ನ ಗಂಡನನ್ನು ಕೆಣಕಿದ್ದಾರೆ. ಅವರು ಹಾಸನದ ಕಡೆಯವರು, ನಾನು ಪುತ್ತೂರಿನವಳು. ನನ್ನ ತುಳು ಅವರಿಗೆ ಬಾರದ ಕಾರಣ ಮನೆಮಾತು ಕನ್ನಡವಾಯಿತು. ನಮಗಿರುವ ಒಬ್ಬಳೇ ಮಗಳು ಆ ಕನ್ನಡವನ್ನು ಕಿವಿಯಲ್ಲಿ ಕಲಿತಳೇ ಹೊರತು ಬಾಯಲ್ಲಿ ಕಲಿಯಲಿಲ್ಲ. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು. ಇಲ್ಲಿ ಬೆಳೆದ ಮಕ್ಕಳ ಹಣೆಬರಹವೇ ಅದು. ಅವಳು ಇಂಗ್ಲಿಷಿನಲ್ಲಿ ಆಡಿದ್ದನ್ನೆಲ್ಲ ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಚಹಾ ಮಾಡುವುದು, ಸೋಸುವುದು, ಲೋಟಕ್ಕೆ ಹಾಕಿ ಕೊಡುವುದು ಎಲ್ಲವೂ ಗಂಡನ ಕೆಲಸ. ಮದುವೆಯಾದ ಹೊಸದರಲ್ಲಿ ಅವರಿಗೆ ನೀರು ಕಾಯಿಸಲೂ ಬರುತ್ತಿರಲಿಲ್ಲ. ಮಗಳು ಹುಟ್ಟಿದ ವರ್ಷ ಕಲಿತರು, ಆಮೇಲೆ ನನ್ನನ್ನು ಚಹಾದ ಪಾತ್ರೆಯ ಹತ್ತಿರ ಬಿಟ್ಟವರಲ್ಲ. ಅವರ ದನಿ ಬೇರೆ ದೊಡ್ಡದು. ಒಂದು ಕಂಪನಿಯ ಗೋದಾಮಿನಲ್ಲಿ ಸೂಪರ್‌ವೈಸರ್. ಅಲ್ಲಿ ಲಾರಿಗಳ ಸದ್ದಿನ ಮೇಲೆ ಕೂಗಿ ಕೂಗಿ ಮನೆಯಲ್ಲೂ ಅದೇ ರೂಢಿ. 'ಉಪ್ಪು ಕೊಡು' ಎಂದರೂ ಪಕ್ಕದ ಕಟ್ಟಡದವರು ಉಪ್ಪು ತಂದುಕೊಡಬೇಕು, ಅಷ್ಟು ಜೋರು. ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪನ ಜೊತೆ ನೇರ ಮಾತು ಬಿಟ್ಟಿದ್ದಳು. ಏನಿದ್ದರೂ 'ಪಪ್ಪಂಗೆ ಹೇಳು' ಎಂದು ನನ್ನ ಮೂಲಕವೇ. 'ಚಹಾವನ್ನೂ ಅಳೆದು ಕೊಡುವ ಮನುಷ್ಯ' ಎಂದು ಒಮ್ಮೆ ಗೊಣಗಿದ್ದಳು. ವಯಸ್ಸಿಗೆ ಬಂದ ಹುಡುಗಿಯರ ಮುನಿಸು, ತಾನಾಗಿ ಇಳಿಯುತ್ತದೆ ಎಂದು ನಾನು ಅಂದುಕೊಂಡೆ. ಇಳಿಯಲಿಲ್ಲ. ಶಾಲೆ ಮುಗಿಸಿದವಳೇ ಡಿಸೈನ್ ಓದಲು ಫಿನ್ಲೆಂಡಿಗೆ ಹೋದಳು. ಅಷ್ಟು ದೂರ ಯಾಕೆ ಎಂದು ಕೇಳಿದ್ದಕ್ಕೆ, ಅಷ್ಟು ದೂರ ಇರುವುದಕ್ಕೇ ಎಂದಿದ್ದಳು.

ಕಳೆದ ಚಳಿಗಾಲದಲ್ಲಿ ಅವಳ ಹಾಸ್ಟೆಲಿನ ಗೆಳತಿಯೊಬ್ಬಳು ಫೋನ್ ಮಾಡಿದಳು. ಮಗಳು ಒಂದು ವಾರದಿಂದ ಮಲಗಿಲ್ಲವಂತೆ. ಬಟ್ಟೆ, ಪುಸ್ತಕ, ಬಣ್ಣದ ಪೆಟ್ಟಿಗೆ ಎಲ್ಲವನ್ನೂ ಕಂಡವರಿಗೆ ಹಂಚಿದ್ದಾಳಂತೆ. ಆ ದಿನ ಬೆಳಿಗ್ಗೆ ಕೋಟಿಲ್ಲದೆ ಹೊರಗೆ ಹೋಗಿ, ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ಸರೋವರದ ನಡುವೆ ನಿಂತು, ಹಿಮದ ಮೇಲೆ ಕೋಲಿನಿಂದ ಚಿತ್ರ ಬರೆಯುತ್ತಿದ್ದಳಂತೆ. ನಾಯಿ ತಿರುಗಾಡಿಸಲು ಬಂದ ಯಾರೋ ನೋಡಿ ಪೊಲೀಸರಿಗೆ ಹೇಳಿದ್ದರಿಂದ ಉಳಿದಳು. ಈಗ ಮನೋರೋಗದ ಆಸ್ಪತ್ರೆಯಲ್ಲಿದ್ದಾಳೆ ಎಂದಳು ಆ ಹುಡುಗಿ. ಬೇರೆ ತಾಯಂದಿರು ಇಂಥ ಸುದ್ದಿ ಕೇಳಿ ಇದೆಂಥ ಕಾಯಿಲೆ ಎಂದು ಕೇಳುತ್ತಾರೇನೋ. ನನಗೆ ಕೇಳಬೇಕಾಗಿರಲಿಲ್ಲ.

ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸ್ ಬಹಳ ಮೃದುವಾಗಿ ಮಾತಾಡಿದಳು, ಏನನ್ನೂ ಹೇಳಲಿಲ್ಲ. "ನಿಮ್ಮ ಮಗಳ ಬಗ್ಗೆ ಅವಳಿಲ್ಲದಾಗ ನಾವು ಮಾತಾಡುವುದಿಲ್ಲ. ಅವಳು ಒಪ್ಪಿದ್ದಾಳೆ, ನೀವು ಮೀಟಿಂಗಿಗೆ ಬನ್ನಿ, ವಿಡಿಯೋದಲ್ಲಿ. ಎಲ್ಲರೂ ಒಟ್ಟಿಗೆ ಮಾತಾಡೋಣ" ಎಂದಳು. ಡಾಕ್ಟರ ಹತ್ತಿರ ಐದು ನಿಮಿಷ ಗುಟ್ಟಾಗಿ ಮಾತಾಡಬೇಕಿತ್ತು ಎಂದೆ. ಇಲ್ಲಿ ಗುಟ್ಟಾಗಿ ಮಾತಾಡುವ ಪದ್ಧತಿ ಇಲ್ಲ ಎಂದಳು. ಹೆತ್ತವಳು ನಾನು. ನಮ್ಮಲ್ಲಿ ಡಾಕ್ಟರು ರೋಗಿಯನ್ನು ಹೊರಗೆ ಕೂರಿಸಿ ಮನೆಯವರನ್ನು ಒಳಗೆ ಕರೆಯುತ್ತಾರೆ. ಅಲ್ಲಿ ಎಲ್ಲ ತಿರುಗುಮುರುಗು.

ಹೊರಟುಬಿಡೋಣವೆಂದರೆ ಹೊರಡುವುದು ಹೇಗೆ? ನಾನು ಜಾಬ್ರಿಯಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಈಗ ಕಂಪನಿ ಕೆಲಸದವರು ದೇಶ ಬಿಡಬೇಕಾದರೆ ಎಕ್ಸಿಟ್ ಪರ್ಮಿಟ್ ಬೇಕು. ಫೋನಿನ ಆ್ಯಪಿನಲ್ಲಿ ಅರ್ಜಿ ಹಾಕಿ, ಕಂಪನಿಯವರು ಒಪ್ಪಿಗೆಯ ಬಟನ್ ಒತ್ತುವುದನ್ನೇ ಕಾಯಬೇಕು. ಅದು ಸಿಕ್ಕಿದರೂ ಯುರೋಪಿನ ವೀಸಾ ಬೇರೆ ಆಗಬೇಕು. ಗಂಡನಿಗೂ ಅದೇ ಪಾಡು. ನಮ್ಮ ಮ್ಯಾನೇಜರು ಕೆಟ್ಟವರಲ್ಲ. ಲ್ಯಾಬಿನ ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಾಳೆ, ನೀನೂ ಹೋದರೆ ಲ್ಯಾಬ್ ಖಲಾಸ್ ಎಂದರು. ಮಗಳಿಗೆ ಏನಾಗಿದೆ ಎಂದು ಕೇಳಿದರು.

"ಜಾಂಡೀಸ್" ಎಂದೆ.

"ಜಾಂಡೀಸಾ? ರೆಸ್ಟ್ ಮಾಡಿದರೆ ಹೋಗುತ್ತದೆ, ಇನ್‌ಶಾ ಅಲ್ಲಾ" ಎಂದು ಅವರು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದರು.

ನಾನು ಹೇಳಿದ ಸುಳ್ಳೇ ನನ್ನನ್ನು ಕಟ್ಟಿಹಾಕಿತು. ಜಾಂಡೀಸಿಗೆ ಯಾರೂ ತುರ್ತು ರಜೆ ಕೊಡುವುದಿಲ್ಲ. ನಿಜ ಹೇಳಿದರೆ ಕೊಡುತ್ತಿದ್ದರೋ ಏನೋ. ಆದರೆ ನಿಜ ಹೇಳಿದ ಮರುದಿನದಿಂದ ಅವರು ನನ್ನನ್ನೂ ಬೇರೆ ಕಣ್ಣಿನಿಂದ ನೋಡುತ್ತಾರೆ. ನನ್ನನ್ನು ಹಾಗೆ ಯಾರೂ ನೋಡಕೂಡದಿತ್ತು.

ಜಾಂಡೀಸ್ ನನ್ನ ಗಂಡ ಹುಡುಕಿದ ಕಾಯಿಲೆ. ಊರಿನವರಿಗೆಲ್ಲ ಅವರೇ ಆ ಸುದ್ದಿ ಹಬ್ಬಿಸಿದರು. ಕರಾವಳಿಯ ಜನರಿಗೆ ಜಾಂಡೀಸ್ ಎಂದರೆ ಎಲ್ಲಿಲ್ಲದ ಉತ್ಸಾಹ. ಮೇಲಿನ ಮನೆಯಲ್ಲಿ ಒಬ್ಬ ಕ್ರಿಶ್ಚಿಯನ್ ಹೆಂಗಸು ಇದ್ದಾರೆ, ನಾವು ಬಾಯಿ ಎನ್ನುವುದು, ಮಂಗಳೂರಿನವರು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್, ನನ್ನನ್ನು ಅಕ್ಕ ಎಂದೇ ಕರೆಯುವುದು. ಸುದ್ದಿ ತಿಳಿದ ಸಂಜೆಯೇ ಇಳಿದು ಬಂದರು.

"ಅಕ್ಕ, ಬಿಲಿರುಬಿನ್ ಎಷ್ಟುಂಟಂತೆ?"

ನರ್ಸಲ್ಲವೆ, ಮೊದಲು ಕೇಳುವುದೇ ರಕ್ತದಲ್ಲಿ ಹಳದಿ ಎಷ್ಟಿದೆ ಎಂದು, ಒಂದರೊಳಗಿದ್ದರೆ ಸರಿ. ನಾನು ಬದುಕಿನಲ್ಲಿ ಲ್ಯಾಬಿನ ಒಂದು ಅಂಕಿಯನ್ನೂ ಸುಳ್ಳು ಬರೆದವಳಲ್ಲ. ಅವರ ಮುಖ ನೋಡಿ "ಎಂಟು" ಎಂದುಬಿಟ್ಟೆ.

"ಅಯ್ಯೋ ದೇವರೇ! ಎಂಟಾ? ಅಲ್ಲಿಯವರ ಮದ್ದಲ್ಲಿ ಅದು ಇಳೀಲಿಕ್ಕಿಲ್ಲ. ನಾನು ಅಮ್ಮನ ಹತ್ರ ಹೇಳಿ ನೆಲನೆಲ್ಲಿ ಹುಡಿ ತರಿಸ್ತೇನೆ. ನೀವು ಕೊರಿಯರ್ ಮಾಡಿ, ಆಯ್ತಾ? ಎಣ್ಣೆ ಪಸೆ ಮುಟ್ಟಬಾರ್ದು ಅಂತ ಹೇಳಿ."

ಹೇಳಿದ ಹಾಗೇ ತರಿಸಿದರು. ಊರಿನಿಂದ ಬಂದ ಯಾರದೋ ಪೆಟ್ಟಿಗೆಯಲ್ಲಿ ಒಂದು ಹಾರ್ಲಿಕ್ಸ್ ಡಬ್ಬಿಯ ತುಂಬ ನೆಲನೆಲ್ಲಿ ಹುಡಿ ಬಂತು. ಅವರು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಬಿಲಿರುಬಿನ್ ಕೇಳುವುದು, ನಾನು ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬರುವುದು. ಒಮ್ಮೆಲೇ ಇಳಿಸುವಂತಿಲ್ಲ, ಅವರಿಗೆ ಲೆಕ್ಕ ಗೊತ್ತು. ಲಿಫ್ಟಿಗೆ ಹೋಗುವ ಮುಂಚೆ ಬಾಗಿಲ ಕಿಂಡಿಯಲ್ಲಿ ಹಣಕಿ ನೋಡುವುದು ನನಗೆ ಅಭ್ಯಾಸವಾಯಿತು. ಮನೆ, ಲ್ಯಾಬು, ಮತ್ತೆ ಮನೆ. ನಡುವೆ ಬಸ್ಸಿನ ಕಿಟಕಿಯಲ್ಲಿ ಸಮುದ್ರ. ಎಲ್ಲಿಗೂ ಹೋಗುವಂತಿಲ್ಲ, ಯಾರ ಹತ್ತಿರವೂ ಅಳುವಂತಿಲ್ಲ. ಆ ಬಾಯಿ ಒಳ್ಳೆಯ ಹೆಂಗಸು, ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದರೆ ಬೆನ್ನು ಸವರುತ್ತಿದ್ದರು. ಆದರೆ ಜಾಂಡೀಸಿಗೆ ಎಷ್ಟೆಂದು ಅಳುವುದು?

ಜಾಂಡೀಸ್ ನಮ್ಮ ಮನೆಗೆ ಹೊಸದೂ ಅಲ್ಲ. ಹಿಂದೊಮ್ಮೆ ನನಗೂ 'ಜಾಂಡೀಸ್' ಆಗಿತ್ತು.

ಮಗಳು ಮೂರು ತಿಂಗಳ ಕೂಸಾಗಿದ್ದಾಗ ನನಗೆ ನಿದ್ದೆ ಹೋಯಿತು. ನಿದ್ದೆ ಬರಲಿಲ್ಲ ಎಂದಲ್ಲ, ಅದು ಬೇಕೆಂದೇ ಅನಿಸಲಿಲ್ಲ. ಇಡೀ ಮನೆಯ ಗೋಡೆ ತೊಳೆದೆ. ಕೂಸನ್ನು ಸಮುದ್ರ ಕರೆಯುತ್ತಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾಯಿತು ಎಂದೇ ಬರೆಯಬೇಕು. ಆ ಹೊತ್ತಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ನೈಟಿಯಲ್ಲೇ ಗಲ್ಫ್ ರಸ್ತೆ ದಾಟಿ, ಕೂಸನ್ನು ಹೆಗಲ ಮೇಲೆ ಹಾಕಿಕೊಂಡು, ಸೊಂಟದ ಮಟ್ಟದ ನೀರಿಗೆ ಇಳಿದಿದ್ದೆ. ಗಂಡ ಬೂಟುಕಾಲಿನಲ್ಲೇ ಓಡಿ ಬಂದು ಇಬ್ಬರನ್ನೂ ಎಳೆದು ದಡಕ್ಕೆ ತಂದರು. ಅದೇ ವಾರ ಊರಿಗೆ ಕರೆದುಕೊಂಡು ಹೋದರು. ಬಾಣಂತಿಗೆ ಜಾಂಡೀಸ್ ಎಂದು ಎಲ್ಲರಿಗೂ ಹೇಳಿದ್ದು ಆಗಲೇ. ಮಂಗಳೂರಿನ ಡಾಕ್ಟರು ಲಿಥಿಯಂ ಮಾತ್ರೆ ಕೊಟ್ಟರು. ನನಗೆ ಅದು ಹಿಡಿಯಿತು. ಎಷ್ಟು ಚೆನ್ನಾಗಿ ಹಿಡಿಯಿತೆಂದರೆ, ಒಂದು ಬೆಳಿಗ್ಗೆ ಎದ್ದು ಕೂಸಿನ ಉಗುರು ಬೆಳೆದಿದೆಯಲ್ಲ, ಕತ್ತರಿಸಬೇಕಲ್ಲ ಎಂದು ಯೋಚಿಸಿದೆ. ನಾನು ವಾಪಸು ಬಂದಿದ್ದೇನೆ ಎಂದು ಆಗ ತಿಳಿಯಿತು. ಆವತ್ತಿನಿಂದ ಮಾತ್ರೆ ಬಿಟ್ಟಿಲ್ಲ. ಊರಿಗೆ ಹೋದಾಗ ಡಾಕ್ಟರ ಚೀಟಿ ಸಮೇತ ತರುತ್ತೇನೆ, ಮನೆಯಲ್ಲಿ ಅದು ಕ್ಯಾಲ್ಸಿಯಂ ಬಾಟಲಿಯಲ್ಲಿರುತ್ತದೆ. ಈ ಮಾತ್ರೆ ತಿನ್ನುವವರು ಆಗಾಗ ರಕ್ತದಲ್ಲಿ ಅದರ ಮಟ್ಟ ನೋಡಿಸಿಕೊಳ್ಳಬೇಕು. ನನಗೆ ಯಾವ ಆಸ್ಪತ್ರೆಯ ಬಾಗಿಲೂ ಬೇಡ. ಬೆಳಿಗ್ಗೆ ಯಾರೂ ಬರುವ ಮೊದಲು ಲ್ಯಾಬಿಗೆ ಹೋಗಿ, ನನ್ನ ಎಡಗೈಯಿಂದ ನಾನೇ ರಕ್ತ ತೆಗೆದು, ಟ್ಯೂಬಿನ ಮೇಲೆ ಹೆಸರಿನ ಬದಲು ಮೆಷಿನ್ ಪರೀಕ್ಷೆಯ ಸ್ಯಾಂಪಲ್ ಎಂದು ಚೀಟಿ ಅಂಟಿಸಿ ಮೆಷಿನ್ನಿನಲ್ಲಿ ಓಡಿಸುತ್ತೇನೆ. ಆ ಮೆಷಿನ್ನಿನ ಪಾಲಿಗೆ ನಾನು ಮನುಷ್ಯಳೇ ಅಲ್ಲ.

ಮಾತ್ರೆಯಿಂದ ಒಂದೇ ತೊಂದರೆ. ಕೈ ನಡುಗುತ್ತದೆ. ಹೆಚ್ಚಲ್ಲ, ಸಣ್ಣಗೆ. ತುಂಬಿದ ಲೋಟ ಹಿಡಿದರೆ ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಅರ್ಧ ಲೋಟ.

ಮೊದಲ ಮೀಟಿಂಗು ಇಲ್ಲಿಯ ಸಂಜೆ ನಾಲ್ಕಕ್ಕೆ. ಅಲ್ಲಿಗೂ ನಮಗೂ ಒಂದೇ ಗಂಟೆಯ ವ್ಯತ್ಯಾಸ, ಆದರೂ ಅವರ ಕಿಟಕಿಯಲ್ಲಿ ಆಗಲೇ ಕತ್ತಲಾಗಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು, ಗಂಡ ಕುಳಿತೆವು. ಪರದೆಯಲ್ಲಿ ದುಂಡಗೆ ಕುರ್ಚಿ ಹಾಕಿಕೊಂಡು ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ನಡುವೆ ನನ್ನ ಮಗಳು. ಕೆನ್ನೆ ಒಳಗೆ ಹೋಗಿತ್ತು. ಯಾರದೋ ದೊಡ್ಡ ಸ್ವೆಟರ್ ಹಾಕಿದ್ದಳು. ಯಾರು ಡಾಕ್ಟರು, ಯಾರು ನರ್ಸು ಎಂದು ಬಟ್ಟೆಯಲ್ಲಿ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಕೂದಲು ನೆರೆತ ಹೆಂಗಸು. ಇಂಗ್ಲಿಷನ್ನು ನಿಧಾನವಾಗಿ, ಪದ ಹುಡುಕಿ ಮಾತಾಡುತ್ತಿದ್ದರು.

"ನಿಮ್ಮ ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೆ? ಆಗಿದ್ದರೆ ಅವರಿಗೆ ಯಾವುದರಿಂದ ಸಹಾಯವಾಯಿತು? ಮನೆಯವರೊಬ್ಬರಿಗೆ ಹಿಡಿದ ಔಷಧ ಹಲವು ಸಲ ಇನ್ನೊಬ್ಬರಿಗೂ ಹಿಡಿಯುತ್ತದೆ. ಅದಕ್ಕೆ ಕೇಳುತ್ತಿದ್ದೇನೆ."

"ನೋ, ನೋ, ಡಾಕ್ಟರ್" ಎಂದರು ನನ್ನ ಗಂಡ, ಗೋದಾಮಿನ ದನಿಯಲ್ಲಿ. "ನೋಬಡಿ. ವೆರಿ ಹೆಲ್ದಿ ಫ್ಯಾಮಿಲಿ."

ಮಗಳು ಕಣ್ಣೆತ್ತಿ ನನ್ನನ್ನು ನೋಡಿದಳು. ನಾನು ಕೈಗಳನ್ನು ಮೇಜಿನ ಕೆಳಗೆ ಸೇರಿಸಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಡಾಕ್ಟರು ಲಿಥಿಯಂ ಹೆಸರು ಹೇಳಿದರು. ಆ ಶಬ್ದ ಫಿನ್ಲೆಂಡಿನಿಂದ ಬಂದು ನಮ್ಮ ಊಟದ ಮೇಜಿನ ಮೇಲೆ ಬಿದ್ದಾಗ ನನ್ನ ಗಂಡ ಕೆಮ್ಮಿದರು. ಈಗ ಕೊಡುತ್ತಿರುವುದು ನಿದ್ದೆಯ ಔಷಧ, ತಾತ್ಕಾಲಿಕ, ಮುಂದೆ ಬಹಳ ಕಾಲ ತೆಗೆದುಕೊಳ್ಳುವ ಔಷಧ ಬೇಕು ಎಂದರು ಡಾಕ್ಟರು. ಅದನ್ನು ಬಲವಂತದಿಂದ ಕೊಟ್ಟು ಪ್ರಯೋಜನವಿಲ್ಲ, ಅವಳೇ ಮನಸ್ಸು ಮಾಡಬೇಕು. ಏನೂ ಇಲ್ಲದೆ ಮನೆಗೆ ಹೋದರೆ ಕಾಯಿಲೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಆಗ ಸರೋವರದ ದಡದಲ್ಲಿ ಯಾರಾದರೂ ಇರುತ್ತಾರೆಂದು ಹೇಳಲಾಗದು ಎಂದು, ಅವಳ ಮುಂದೆಯೇ ಹೇಳಿದರು. ಅವಳ ಮುಂದೆಯೇ! ಮಗಳು ಮಾತ್ರ ತಲೆಯಾಡಿಸಿದಳು, ಅವಳಿಗೆ ಅದೆಲ್ಲ ಮೊದಲೇ ಗೊತ್ತಿದ್ದಂತೆ.

"ನಾನು ಅದರ ಬಗ್ಗೆ ಓದಿದ್ದೇನೆ" ಎಂದಳು. "ಕೈ ನಡುಗುತ್ತದೆ. ನಾನು ಚಿತ್ರ ಬರೆಯುವವಳು, ಕೈ ಹೋದರೆ ನನ್ನ ಹತ್ತಿರ ಇನ್ನೇನಿದೆ? ಅದನ್ನು ತಿಂದು ಎಲ್ಲರ ಹಾಗೆ ಬದುಕಿರುವ ಒಬ್ಬರನ್ನು ತೋರಿಸಿ. ಒಬ್ಬರನ್ನು. ಆಮೇಲೆ ನೋಡುತ್ತೇನೆ."

ಯಾರೂ ತೋರಿಸಲಿಲ್ಲ. ಮೀಟಿಂಗು ಮುಗಿಯಿತು. ಪರದೆ ಕಪ್ಪಾಯಿತು, ಅದರಲ್ಲಿ ನಾವಿಬ್ಬರೇ ಕಂಡೆವು.

ನಾನು ಗಂಡನ ಮೇಲೆ ಹರಿಹಾಯ್ದೆ. ಇಷ್ಟು ವರ್ಷದಲ್ಲಿ ಹಾಗೆ ಕೂಗಾಡಿದ್ದು ಅದೇ ಮೊದಲು. "ಅವ್ಳು ಕೇಳಿದ್ದು ಒಬ್ಬರನ್ನು ಮಾರಾಯ್ರೆ! ಇಲ್ಲೇ ಕೂತಿದ್ದೇನಲ್ಲ ನಾನು! ನಿಮ್ಗೆ ಯಾರ ಮರ್ಯಾದೆ ಬೇಕಾಗಿರುದು? ಮಗಳಿಗಿಂತ ದೊಡ್ಡದಾ ಅದು?"

ಅವರು ಎಂದಿನ ಹಾಗೆ ಎದುರು ಕೂಗಲಿಲ್ಲ. ಮೇಜಿನ ಮೇಲಿನ ಪ್ಲಾಸ್ಟಿಕ್ ಹಾಸಿನ ಅಂಚು ಕೀಳುತ್ತ ಕುಳಿತರು.

"ನೀನೇ ಆಣೆ ಮಾಡಿಸ್ದೆ ಕಣೇ" ಎಂದರು ಕೊನೆಗೆ. "ಮಂಗ್ಳೂರ್ ಆಸ್ಪತ್ರೆ ಮೆಟ್ಲು ಮೇಲೆ. ಯಾರಿಗೂ ಹೇಳಲ್ಲ ಅಂತ, ಮಗೀನ್ ತಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡೆ. ಮರ್ತ್ಬಿಟ್ಯಾ? ಅವ್ಳ್ ತಲೆ ಮೇಲೆ ಕೈ ಇಟ್ಟು ಹೇಳಿದೀನಿ. ಈಗ ಆ ತಲೆಗೇ ಹಿಂಗಾಗಿದೆ. ಇನ್ನು ಆಣೆ ಬೇರೆ ಮುರೀಲಾ?"

ನಾನು ಮರೆತಿರಲಿಲ್ಲ, ಆದರೆ ಅವರು ಅದನ್ನು ಇಷ್ಟು ಗಟ್ಟಿಯಾಗಿ ಹಿಡಿದಿದ್ದಾರೆಂದು ತಿಳಿದಿರಲಿಲ್ಲ. ಗೋದಾಮಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವ ಮನುಷ್ಯ. ದೇವಸ್ಥಾನಕ್ಕೂ ನಾನು ಎಳೆದುಕೊಂಡು ಹೋದರೆ ಮಾತ್ರ ಬರುವವರು. ಅವರು ಕಾಯುತ್ತಿದ್ದದ್ದು ಮರ್ಯಾದೆಯನ್ನಲ್ಲ, ಅಂಗೈಯ ಕೆಳಗಿದ್ದ ಆ ಮೂರು ತಿಂಗಳ ನೆತ್ತಿಯನ್ನು. ಮಾತು ಮುರಿದರೆ ಅವಳಿಗೇ ತಟ್ಟುತ್ತದೆ ಎಂದು ನಿಜವಾಗಿ ಹೆದರಿದ್ದರು. ಮುರಿಯದಿದ್ದರೆ ಏನಾಗುತ್ತದೆ ಎಂಬುದನ್ನು ಆ ಡಾಕ್ಟರು ಹೇಳಿಯಾಗಿತ್ತು. ನಾವು ಆ ಮೇಜಿನಿಂದ ಏಳಲಿಲ್ಲ. ಕೆಳಗಿನ ಮಸೀದಿಯಲ್ಲಿ ಮುಸ್ಸಂಜೆಯ ಮಗ್ರಿಬ್ ಬಾಂಗು ಆಯಿತು, ಮೇಲಿನ ಬಾಯಿಯ ಮನೆಯಲ್ಲಿ ಕುಕ್ಕರ್ ಕೂಗಿತು. ನಮ್ಮಿಬ್ಬರಿಗೂ ದೀಪ ಹಾಕುವುದೂ ನೆನಪಾಗಲಿಲ್ಲ.

ಮರುದಿನ ಎಕ್ಸಿಟ್ ಪರ್ಮಿಟ್ ಕೇಳಲು ಮತ್ತೆ ಹೋದೆ. 'ಬುಕ್ರಾ' ಎಂದರು ಮ್ಯಾನೇಜರು, ಅಂದರೆ ನಾಳೆ. ಆ ನಾಳೆಯನ್ನು ಕುವೈತಿನಲ್ಲಿ ಕಂಡವರಿಲ್ಲ. ಲ್ಯಾಬಿಗೆ ಬಂದರೆ ಒಂದು ಕೂಸಿನ ರಕ್ತ ತೆಗೆಯುವುದಿತ್ತು. ಕೂಸುಗಳ ನರ ದಾರದ ಹಾಗೆ, ಕ್ಲಿನಿಕ್ಕಿನವರೆಲ್ಲ ನನ್ನ ಹತ್ತಿರವೇ ಕಳಿಸುತ್ತಾರೆ. ಕಿರುಬೆರಳನ್ನು ಅದರ ಕೈಯ ಮೇಲೆ ಊರಿ ಸೂಜಿ ಇಟ್ಟೆ. ಒಂದೇ ಸಲಕ್ಕೆ ರಕ್ತ ಬಂತು. ಅದರ ತಾಯಿ 'ಮಾಶಾ ಅಲ್ಲಾ, ಎಂಥ ಕೈ' ಎಂದಳು. ಟ್ಯೂಬಿಗೆ ಚೀಟಿ ಅಂಟಿಸುತ್ತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ಆಣೆ ಇಟ್ಟವರು ಅವರು. ನಾನು ಇಡಿಸಿಕೊಂಡವಳು. ಬಾಯಿ ಕಟ್ಟಿರುವುದು ಅವರದು, ನನ್ನದಲ್ಲ. ಇಷ್ಟು ವರ್ಷ ನನ್ನದೂ ಕಟ್ಟಿದೆ ಎಂದೇ ನಾನು ನಡೆದುಕೊಂಡಿದ್ದೆ.

ಎರಡನೇ ಮೀಟಿಂಗಿಗೆ ಕುಳಿತಾಗ ಇದನ್ನು ಗಂಡನಿಗೆ ಹೇಳಿರಲಿಲ್ಲ. ಹೇಳಿದರೆ ಅವರು ತಡೆಯಬೇಕಾಗುತ್ತದೆ. ಮೇಜಿನ ಕೆಳಗೆ ನನ್ನ ಮಡಿಲಲ್ಲಿ ಕ್ಯಾಲ್ಸಿಯಂ ಬಾಟಲಿ ಇತ್ತು. ಅದರ ಮೇಲೆ ನನ್ನ ಕೈ ಇತ್ತು.

ಮಗಳು ಆ ದಿನ ಮಾತೇ ಆಡಲಿಲ್ಲ. ಕೇಳಿದ್ದಕ್ಕೆಲ್ಲ ಭುಜ ಕುಣಿಸಿದಳು. ಆಗ ಆ ಜನ ಒಂದು ವಿಚಿತ್ರ ಕೆಲಸ ಮಾಡಿದರು. ಡಾಕ್ಟರೂ ಒಬ್ಬ ನರ್ಸೂ ತಮ್ಮ ಕುರ್ಚಿಗಳನ್ನು ಎದುರುಬದುರು ತಿರುಗಿಸಿಕೊಂಡು, ನಾವು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, ನಮ್ಮ ಬಗ್ಗೆ ಮಾತಾಡಿಕೊಂಡರು. ಅದು ಅಲ್ಲಿಯ ಕ್ರಮವಂತೆ. ನಮ್ಮಲ್ಲಿ ಜನ ಬೆನ್ನ ಹಿಂದೆ ಮಾತಾಡುತ್ತಾರೆ, ಇವರು ಎದುರಿಗೇ ಕುಳಿತು ಮಾತಾಡುತ್ತಾರೆ.

"ಆ ತಾಯಿ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದಾರೆ" ಎಂದಳು ನರ್ಸ್. "ಹೋದ ಸಲವೂ ಹಾಗೇ ಇದ್ದರು. ಯಾಕಿರಬಹುದು ಎಂದು ನಾನು ಯೋಚಿಸುತ್ತಿದ್ದೆ."

"ಅವರಿಗೆ ಏನೋ ಹೇಳಬೇಕೆಂದಿರಬಹುದು" ಎಂದರು ಡಾಕ್ಟರು. "ಅಥವಾ ನಾನು ತಪ್ಪು ತಿಳಿದಿರಬಹುದು. ಸ್ವಲ್ಪ ಹೊತ್ತು ಕಾಯೋಣ."

ಕಾದರು. ನಿಜವಾಗಿಯೂ ಸುಮ್ಮನೆ ಕಾದರು, ಗಡಿಯಾರ ನೋಡದೆ. ಪಕ್ಕದಲ್ಲಿ ಗಂಡ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು.

"ಚಹಾ ಇಡ್ತೀನಿ" ಎಂದು ಅಡುಗೆಮನೆಗೆ ಹೋದರು. ಮೀಟಿಂಗಿನ ನಡುವೆ ಯಾರಿಗೆ ಬೇಕಿತ್ತು ಚಹಾ? ಬೇಕೆಂದೇ ಎದ್ದು ಹೋದರೇ ಎಂದು ನಾನು ಇವತ್ತಿಗೂ ಕೇಳಿಲ್ಲ.

ಕೈ ಮೇಲೆತ್ತಿ ಮೇಜಿನ ಮೇಲಿಟ್ಟೆ. ಬಾಟಲಿಯನ್ನೂ ಇಟ್ಟೆ. ಅಂಥ ಮಾತು ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ, ಕನ್ನಡದಲ್ಲೇ ಹೇಳಿದೆ.

"ನಂಗೂ ಇದೇ ಆಗಿತ್ತು. ನೀನು ಸಣ್ಣ ಕೂಸು ಇರುವಾಗ."

ಮಗಳು ನನ್ನನ್ನೇ ನೋಡಿದಳು. ಡಾಕ್ಟರು ಅವಳ ಕಡೆ ನೋಡಿದರು, ಏನು ಹೇಳುತ್ತಿದ್ದಾರೆ ಎಂಬಂತೆ. ಅವಳು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದಳು, "ಅಮ್ಮನಿಗೂ ಇದೇ ಆಗಿತ್ತಂತೆ." ಯಾರದೋ ಸುದ್ದಿ ಓದಿದ ಹಾಗಿತ್ತು ಅವಳ ದನಿ.

"ನಿನ್ನನ್ನು ಎತ್ತಿಕೊಂಡು ಸಮುದ್ರಕ್ಕೆ ಇಳ್ದಿದ್ದೆ. ಪಪ್ಪ ಬಂದು ಎಳೆದು ತಂದ್ರು. ಜಾಂಡೀ‌ಸ್ ಅಂತ ಎಲ್ಲರಿಗೂ ಹೇಳಿದ್ದು."

ಅದನ್ನೂ ಹೇಳಿದಳು. 'ಸಮುದ್ರ' ಎನ್ನುವಲ್ಲಿ ಒಮ್ಮೆ ನಿಂತು ಮುಂದುವರಿದಳು.

"ಈ ಬಾಟ್ಲಿಯಲ್ಲಿ ಉಂಟಲ್ಲ, ಇದು ಕ್ಯಾಲ್ಸಿಯಂ ಅಲ್ಲ. ಅವ್ರು ನಿಂಗೆ ಕೊಡ್ತೇವೆ ಅಂತ ಹೇಳುವ ಮಾತ್ರೆಯೇ. ನೀನು ಶಾಲೆಗೆ ಹೋಗುವಾಗ, ನಿಂಗೆ ಜಡೆ ಹಾಕುವಾಗ, ನಿನ್ನನ್ನು ಏರ್‌ಪೋರ್ಟಿಗೆ ಬಿಡ್ಲಿಕ್ಕೆ ಬಂದಾಗ, ಎಲ್ಲ ದಿನವೂ ನಾನು ಇದನ್ನು ತಿಂದೇ ಇದ್ದದ್ದು. ಕೈ ನಡುಗ್ತದೆ, ಹೌದು. ಇದೇ ಕೈಯಲ್ಲಿ ನಾನು ದಿನಾ ಕೂಸುಗಳ ರಕ್ತ ತೆಗೀತೇನೆ. ಕಿರುಬೆರಳು ಊರಿದ್ರೆ ಸೂಜಿ ಅಲುಗುದಿಲ್ಲ, ಪೆನ್ಸಿಲೂ ಅಲುಗ್ಲಿಕ್ಕಿಲ್ಲ. ನಾನು ತೋರಿಸಿ ಕೊಡ್ತೇನೆ ಮಗಾ. ನೀನು ಒಬ್ಬರನ್ನು ತೋರಿಸಿ ಅಂತ ಕೇಳಿದಿಯಲ್ಲ, ನೋಡು, ನಾನೇ."

ಇಷ್ಟನ್ನೂ ಅವಳು ಒಂದೊಂದೇ ವಾಕ್ಯ ಮಾಡಿ ಆ ಮೂವರಿಗೆ ಹೇಳಬೇಕಾಯಿತು. ನನ್ನ ಕಾಯಿಲೆಯನ್ನು ನನ್ನ ಮಗಳ ಬಾಯಿಂದ, ಬೇರೆ ಭಾಷೆಯಲ್ಲಿ ಕೇಳುತ್ತ ಕುಳಿತೆ. ಕೈಯ ವಿಷಯಕ್ಕೆ ಬಂದಾಗ ಅವಳು ವಾಕ್ಯದ ನಡುವೆಯೇ ನಿಂತಳು. ಡಾಕ್ಟರ ಕಡೆಯಿಂದ ತಿರುಗಿ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಅಮ್ಮಾ, ನಿನ್ನ ಕೈ ನಡುಗುತ್ತಿದ್ದದ್ದು ಮಾತ್ರೆಯಿಂದಾನಾ?"

"ಹೌದು."

"ಪಪ್ಪನ ಹೆದರಿಕೆಯಿಂದ ಅಲ್ವಾ?"

ಆ ದೊಡ್ಡ ದನಿ, ಈ ನಡುಗುವ ಕೈ. ಎರಡನ್ನೂ ದಿನವೂ ಕಂಡ ಹುಡುಗಿ ಎರಡನ್ನೂ ಸೇರಿಸಿ ತನ್ನದೇ ಕತೆ ಕಟ್ಟಿಕೊಂಡಿದ್ದಳು. ಆ ಕತೆಯ ಒಳಗೇ ಬೆಳೆದು, ಅದರಿಂದ ತಪ್ಪಿಸಿಕೊಳ್ಳಲು ಹಿಮದ ದೇಶದವರೆಗೆ ಓಡಿದ್ದಳು. ಚಹಾ ಅಳೆದು ಕೊಡುವ ಮನುಷ್ಯ, ಅವನ ಮುಂದೆ ಗಡಗಡ ನಡುಗುವ ಹೆಂಡತಿ. ನಾವು ಹೇಳದೆ ಬಿಟ್ಟ ಜಾಗದಲ್ಲಿ ಅವಳು ಬೇರೆ ಏನನ್ನು ತುಂಬಬೇಕಿತ್ತು?

"ಅಲ್ಲ" ಎಂದೆ. "ಒಂದು ದಿನವೂ ಅಲ್ಲ. ಅರ್ಧ ಲೋಟ ಕೊಡುದು ನನ್ನ ಕೈಯಿಂದ ಚೆಲ್ಲಬಾರ್ದು ಅಂತ."

ಆ ದಿನ ಅವಳು ಮಾತ್ರೆಗೆ ಒಪ್ಪಲಿಲ್ಲ. ಮತ್ತೊಂದು ಮೀಟಿಂಗಿನಲ್ಲಿ, ನನ್ನ ಕೈ ಕ್ಯಾಮೆರಾದ ಹತ್ತಿರ ಹಿಡಿಯಲು ಹೇಳಿ ತುಂಬ ಹೊತ್ತು ನೋಡಿ, ಆಮೇಲೆ ಒಪ್ಪಿದಳು. ಈಗ ತಿನ್ನುತ್ತಿದ್ದಾಳೆ. ನಡುಗಿದರೆ ಫೋನ್ ಮಾಡಿ ಬೈಯುತ್ತಾಳೆ. ನನ್ನ ಎಕ್ಸಿಟ್ ಪರ್ಮಿಟ್ ಇನ್ನೂ ಬಂದಿಲ್ಲ. ಕ್ಲಿನಿಕ್ಕಿನಲ್ಲಿ ಇವತ್ತಿಗೂ ನಾನು ಮೆಷಿನ್ ಪರೀಕ್ಷೆಯ ಸ್ಯಾಂಪಲ್ಲೇ, ಮೇಲಿನ ಬಾಯಿಗೆ ಬಿಲಿರುಬಿನ್ ಒಂದಕ್ಕೆ ಇಳಿದಿದೆ ಎಂದು ಹೇಳಿದ್ದೇನೆ. ಒಂದು ಬಾಗಿಲು ತೆರೆದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ. ಇದೆಲ್ಲ ಆಮೇಲಿನ ಮಾತು.

ನಿಜ ಹೇಳಿದ ಆ ಸಂಜೆ ನಾನು ತಿರುಗಿ ನೋಡಿದಾಗ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎರಡು ಕೈಯಲ್ಲಿ ಎರಡು ಸ್ಟೀಲ್ ಲೋಟ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬಂದು ನನ್ನ ಮುಂದೊಂದು, ತಮ್ಮ ಮುಂದೊಂದು ಲೋಟ ಇಟ್ಟು ಕುಳಿತರು. ಮಗಳು ಎರಡು ಲೋಟವನ್ನೂ ನೋಡಿದಳು. ಎಷ್ಟೋ ವರ್ಷಗಳ ಮೇಲೆ ನೇರವಾಗಿ ಅಪ್ಪನ ಕಡೆ ತಿರುಗಿ ಮಾತಾಡಿದಳು.

"ಪಪ್ಪಾ, ಹಾಗಾದರೆ ನಿಮ್ಮದೂ ಯಾಕೆ ಅರ್ಧ?"

ಅವರು ಲೋಟದೊಳಗೇ ನೋಡುತ್ತ, ನಾನೂ ಎಂದೂ ಕೇಳಿರದ ಸಣ್ಣ ದನಿಯಲ್ಲಿ ಹೇಳಿದರು.

"ನಿಮ್ಮಮ್ಮಂಗೊಬ್ಳಿಗೇ ಅರ್ಧ ಕೊಟ್ರೆ, ಯಾಕೆ ಅಂತ ಜನ ಕೇಳ್ತಿದ್ರಲ್ಲಮ್ಮಾ."

ಪರದೆಯ ಆಚೆ ಡಾಕ್ಟರೂ ನರ್ಸುಗಳೂ ಅವಳನ್ನೇ ನೋಡುತ್ತ ಕಾಯುತ್ತಿದ್ದರು. ಅವಳು ಸ್ವೆಟರಿನ ತೋಳನ್ನು ಮುಖಕ್ಕೆ ಒತ್ತಿಕೊಂಡಳು. ಅದೊಂದು ಮಾತನ್ನು ಮಾತ್ರ ಅವರಿಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ.